ಕರ್ಣವೋ ವಿಕರ್ಣವೋ: ಒಂದು ವರ್ಷ ಮುಕ್ತ ಪಾಠ ಸಾಮಗ್ರಿ ಬಳಸಿ ನೋಡಿದೆ

'4 ರೂಟ್ 7' ಅಂತ ಉತ್ತರ ಬರೆದ ಒಂದು ಹಾಳೆ ಇವತ್ತಿಗೂ ನನ್ನ ಟೇಬಲ್ ಡ್ರಾಯರ್‌ನಲ್ಲಿದೆ. ಕಳೆದ ಆಗಸ್ಟ್‌ನಲ್ಲಿ 10ನೇ ತರಗತಿಗೆ ಕೊಟ್ಟ ಅಭ್ಯಾಸ ಹಾಳೆ ಅದು. ಪ್ರಶ್ನೆ ಸರಳ. ಒಂದು ವಜ್ರಾಕೃತಿಯ ವಿಕರ್ಣಗಳು 16 ಸೆಂ.ಮೀ. ಮತ್ತು 12 ಸೆಂ.ಮೀ. ಇದ್ದರೆ ಅದರ ಬಾಹುವಿನ ಉದ್ದ ಎಷ್ಟು? ಎರಡನ್ನೂ ಅರ್ಧ ಮಾಡಿದರೆ 8 ಮತ್ತು 6, ಉತ್ತರ 10. ಆದರೆ ಆ ಹುಡುಗಿ 16ನ್ನು ಲಂಬಕೋನ ತ್ರಿಭುಜದ ವಿಕರ್ಣ ಅಂತ ತಗೊಂಡಿದ್ದಳು. 12ನ್ನು ಒಂದು ಬಾಹು ಮಾಡಿಕೊಂಡಿದ್ದಳು. 256ರಲ್ಲಿ 144 ಕಳೆದು, 112ರ ವರ್ಗಮೂಲ ತೆಗೆದು, ಅಚ್ಚುಕಟ್ಟಾಗಿ 4 ರೂಟ್ 7 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ತಪ್ಪಿದ್ದದ್ದು ಹಾಳೆಯ ಮಾತಿನಲ್ಲಿ.

ನಮ್ಮ ಕನ್ನಡ ಪಠ್ಯಪುಸ್ತಕದಲ್ಲಿ ಚತುರ್ಭುಜದ ಮೂಲೆಯಿಂದ ಎದುರು ಮೂಲೆಗೆ ಎಳೆಯುವ ಗೆರೆಗೆ ಕರ್ಣ ಅಂತಾರೆ. ಲಂಬಕೋನದ ಎದುರಿಗಿರುವ ಬಾಹುವಿಗೆ ವಿಕರ್ಣ ಅಂತಾರೆ. ಹಿಂದಿಯಲ್ಲಿ ಇದು ತಿರುವುಮುರುವು. ಅಲ್ಲಿ ತ್ರಿಭುಜದ್ದು ಕರ್ಣ, ಚತುರ್ಭುಜದ್ದು ವಿಕರ್ಣ. ನಾನು ಇಳಿಸಿಕೊಂಡ ಹಾಳೆ ಹಿಂದಿಯಿಂದ ಕನ್ನಡಕ್ಕೆ ಬಂದದ್ದು. ಅನುವಾದ ಮಾಡಿದವರು ಪದವನ್ನು ಹಾಗೇ ಕನ್ನಡ ಲಿಪಿಗೆ ಇಳಿಸಿಬಿಟ್ಟಿದ್ದರು. 38 ಮಕ್ಕಳಲ್ಲಿ 11 ಮಂದಿ ಇದೊಂದೇ ಪದಕ್ಕೆ ದಾರಿ ತಪ್ಪಿದರು. ನಮ್ಮದು ಆಂಧ್ರದ ಗಡಿಯ ಕಡೆ, ಚಳ್ಳಕೆರೆ ತಾಲ್ಲೂಕು. ಅರ್ಧಕ್ಕರ್ಧ ಮಕ್ಕಳ ಮನೆಮಾತು ತೆಲುಗು. ತೆಲುಗಿನಲ್ಲೂ ತ್ರಿಭುಜದ ಆ ಬಾಹು ಕರ್ಣಂ. ಆಂಧ್ರದ ಶಾಲೆಯಿಂದ ಆ ವರ್ಷವಷ್ಟೇ ನಮ್ಮಲ್ಲಿಗೆ ಬಂದಿದ್ದ ಹುಡುಗನೊಬ್ಬ ಎದ್ದು ನಿಂತು, "ಮಿಸ್, ಯಾವ ಊರಿನ ಕರ್ಣ ಬರೀಬೇಕು?" ಅಂತ ಕೇಳಿದ. ಅವನು ತಮಾಷೆಗೆ ಕೇಳಿದ್ದಲ್ಲ. ನಿಜವಾಗಿಯೂ ಅವನಿಗೆ ಗೊತ್ತಾಗಬೇಕಿತ್ತು.

ನಾನು ಸರ್ಕಾರಿ ಪ್ರೌಢಶಾಲೆಯ ಪಿಸಿಎಂ ಟೀಚರ್. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರೂ ನನ್ನ ಪಾಲಿಗೆ. ಕಳೆದ ವರ್ಷ ಜೂನ್‌ನಲ್ಲಿ ಒಂದು ನಿರ್ಧಾರ ಮಾಡಿದ್ದೆ. ದುಡ್ಡು ಕೊಟ್ಟು ಕೊಳ್ಳುವ ಗೈಡು, ಆ್ಯಪು ಯಾವುದೂ ಬೇಡ. ಪಠ್ಯಪುಸ್ತಕದ ಜೊತೆಗೆ ವರ್ಷವಿಡೀ ಮುಕ್ತ ಪಾಠ ಸಾಮಗ್ರಿಯನ್ನೇ ಬಳಸಿ ನೋಡೋಣ ಅಂತ. ಅದರ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಹಳ್ಳಿ ಶಾಲೆಯಲ್ಲಿ ಕಲಿಸುವವರಿಗೆ ಯಾವುದು ಕೈಹಿಡಿಯುತ್ತೆ, ಎಲ್ಲಿ ಕೈಬಿಡುತ್ತೆ ಅಂತ ಗೊತ್ತಾದರೆ ಒಳ್ಳೆಯದಲ್ವಾ?

ಮೊದಲು ಒಂದು ಮಾತು. ಉಚಿತ ಬೇರೆ, ಮುಕ್ತ ಬೇರೆ. ಉಚಿತ ಅಂದರೆ ದುಡ್ಡು ಕೇಳಲ್ಲ, ಅಷ್ಟೇ. ಮುಕ್ತ ಅಂದರೆ ಅದನ್ನು ನಾವು ಇಟ್ಟುಕೊಳ್ಳಬಹುದು, ಬಳಸಬಹುದು, ತಿದ್ದಬಹುದು, ಬೇರೆಯದರ ಜೊತೆ ಸೇರಿಸಬಹುದು, ಹಂಚಬಹುದು. ಈ ಐದು ಹಕ್ಕುಗಳನ್ನು ಹೀಗೆ ವಿಂಗಡಿಸಿ ಹೇಳಿದವರು ಅಮೆರಿಕದ ಡೇವಿಡ್ ವೈಲಿ. 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಅನ್ನುವ ಹೆಸರು ಹುಟ್ಟಿದ್ದು 2002ರಲ್ಲಿ, ಪ್ಯಾರಿಸ್‌ನಲ್ಲಿ ಯುನೆಸ್ಕೋ ಕರೆದ ಒಂದು ಸಭೆಯಲ್ಲಿ. ಎನ್‌ಸಿಇಆರ್‌ಟಿ ಪುಸ್ತಕಗಳ ಪಿಡಿಎಫ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಪುಸ್ತಕದ ಒಳಪುಟದಲ್ಲಿ ಹಕ್ಕು ಕಾದಿರಿಸಿದೆ ಅಂತ ಅಚ್ಚಾಗಿದೆ. ಹಾಗಾಗಿ ಅದು ಉಚಿತ, ಮುಕ್ತ ಅಲ್ಲ. ತ್ರಿಭುಜ ಎಳೆದು ತೋರಿಸಲು ನಾನು ದಿನವೂ ಬಳಸುವ ಜಿಯೋಜೀಬ್ರಾ ಕೂಡ ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ ಉಚಿತ. ಈ ವ್ಯತ್ಯಾಸ ತಿಳಿಯುವ ಹೊತ್ತಿಗೆ ನನಗೆ ಅರ್ಧ ವರ್ಷ ಕಳೆದಿತ್ತು.

ಇನ್ನು ಬಳಸಿದ್ದರ ವಿಷಯ.

ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಫೆಟ್. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುಮಾಡಿದ್ದು. ಪ್ರಯೋಗಗಳನ್ನು ಪರದೆಯ ಮೇಲೆ ಮಾಡಬಹುದು. ಒಂದಷ್ಟು ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಬೇಕಾಗಿಲ್ಲ. ನಮ್ಮ ಶಾಲೆಗೆ ಇದೇ ದೊಡ್ಡ ವಿಷಯ. ಟವರ್ ಸಿಗ್ನಲ್ ಹಿಡಿಯಲು ನಾವು ಹುಣಸೆಮರದ ಕೆಳಗೆ ಹೋಗಬೇಕು.

ವಿದ್ಯುತ್ ಪಾಠದ ದಿನ ಮಂಡಲ ಕಟ್ಟುವ ಪ್ರಯೋಗ ತೆರೆದೆ. ಒಬ್ಬ ಹುಡುಗ ಬ್ಯಾಟರಿಯ ಎರಡು ತುದಿಗೂ ನೇರವಾಗಿ ತಂತಿ ಸೇರಿಸಿಬಿಟ್ಟ. ನಡುವೆ ಬಲ್ಬ್ ಇಲ್ಲ, ರೋಧಕ ಇಲ್ಲ. ಪರದೆಯ ಮೇಲೆ ಬ್ಯಾಟರಿಗೆ ಬೆಂಕಿ ಹತ್ತಿತು. ತರಗತಿ ಒಂದು ಕ್ಷಣ ಗಪ್‌ಚಿಪ್. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ, "ನಮ್ಮ ತೋಟದ ಮೋಟ್ರು ಸುಟ್ಟಿದ್ದೂ ಹಿಂಗೇನಾ ಮಿಸ್?" ಅವತ್ತು ಓಮ್‌ನ ನಿಯಮವನ್ನು ನಾನು ಬೋರ್ಡಿನ ಮೇಲೆ ಬರೆಯುವ ಮೊದಲೇ ಮಕ್ಕಳು ಅದರ ಹತ್ತಿರ ಹೋಗಿದ್ದರು. ರೋಧ ಕಡಿಮೆಯಾದಷ್ಟೂ ಪ್ರವಾಹ ಜಾಸ್ತಿ ಅಂತ ಅವರೇ ಹೇಳಿದರು. ನಿಜವಾದ ಬ್ಯಾಟರಿಯಲ್ಲಿ ಇದನ್ನು ತೋರಿಸುವ ಧೈರ್ಯ ನನಗಿಲ್ಲ.

ಎರಡನೆಯದು ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಮಕ್ಕಳ ಕಥೆಗಳ ಕಣಜ. ಗಣಿತದ ಟೀಚರಿಗೆ ಕಥೆ ಯಾಕೆ ಅಂತ ನೀವು ಕೇಳಬಹುದು. 8ನೇ ತರಗತಿಗೆ ಬಂದರೂ ಪ್ರಶ್ನೆಯ ವಾಕ್ಯವನ್ನು ಪೂರ್ತಿ ಓದಲಾಗದ ಮಕ್ಕಳು ನಮ್ಮಲ್ಲಿದ್ದಾರೆ. ಓದೇ ಬರದಿದ್ದರೆ ಲೆಕ್ಕ ಎಲ್ಲಿಂದ ಬರಬೇಕು? ಒಂದೇ ಕಥೆ ತೆಲುಗಿನಲ್ಲೂ ಕನ್ನಡದಲ್ಲೂ ಸಿಗುತ್ತೆ. ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿಸಿ ಕೊಟ್ಟೆ. ಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿಟ್ಟಿದ್ದಾರೆ. ನಾವು ಒಂದನೇ ಹಂತದಿಂದಲೇ ಶುರುಮಾಡಿದೆವು. ಪರವಾನಗಿ ಕ್ರಿಯೇಟಿವ್ ಕಾಮನ್ಸ್ ಬೈ, ಅಂದರೆ ಬರೆದವರ ಹೆಸರು ಹಾಕಿದರೆ ಸಾಕು. ಒಂದು ಕಥೆಯಲ್ಲಿ ನಮ್ಮ ಮಕ್ಕಳಿಗೆ ಗೊತ್ತಿಲ್ಲದ ಪದಗಳಿದ್ದವು. ಅವನ್ನು ಬದಲಿಸಿ ನಮ್ಮ ಕಡೆ ಮಾತು ಹಾಕಿಕೊಂಡೆ. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ದೀಕ್ಷಾ, ಅಂದರೆ ಕೇಂದ್ರ ಸರ್ಕಾರದ ಡಿಜಿಟಲ್ ಪಾಠಗಳ ವೇದಿಕೆ, ನಿಮಗೆಲ್ಲ ಗೊತ್ತೇ ಇದೆ. 2017ರ ಶಿಕ್ಷಕರ ದಿನದಂದು ಬಂದದ್ದು. ಪುಸ್ತಕದ ಕ್ಯೂಆರ್ ಕೋಡ್ ತೋರಿಸಿದರೆ ಪಾಠ ತೆರೆಯುತ್ತೆ. ಮನೆಯಲ್ಲಿ ಒಂದೇ ಫೋನ್ ಇರುವ ಮಕ್ಕಳೂ ರಾತ್ರಿ ಅಪ್ಪ ಬಂದಮೇಲೆ ನೋಡಿಕೊಂಡು ಬರುತ್ತಿದ್ದರು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ದನಿಯ ಪಾಠಗಳಿವೆ. ಕಂಪ್ಯೂಟರ್ ಕಲಿಯುವವರಿಗೆ ಚೆನ್ನಾಗಿದೆ, ನಾನು ಕಡಿಮೆ ಬಳಸಿದೆ. ಇನ್ನು ಕೋಯರ್, ಅಂದರೆ ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ನಮ್ಮ ರಾಜ್ಯದ ಶಿಕ್ಷಣ ಇಲಾಖೆಯ ಜೊತೆಗೂಡಿಕೆಯಲ್ಲಿ ಬೆಳೆದದ್ದು. ವಿಕಿಪೀಡಿಯದ ಹಾಗೇ ಪುಟಗಳಿವೆ. ಅದನ್ನು ತುಂಬಿಸಿದವರಲ್ಲಿ ನಮ್ಮಂಥ ಸರ್ಕಾರಿ ಶಾಲೆ ಶಿಕ್ಷಕರೇ ಇದ್ದಾರೆ. ಅಲ್ಲಿನ ತ್ರಿಭುಜದ ಚಟುವಟಿಕೆಗಳನ್ನು ಓದಿದರೆ ತರಗತಿಯಲ್ಲಿ ಕೈ ಕೆಸರಾದವರು ಬರೆದದ್ದು ಅಂತ ತಕ್ಷಣ ಗೊತ್ತಾಗುತ್ತೆ. ನನಗೆ ಅದರ ಮೇಲೆ ಅಭಿಮಾನ ಇದೆ, ಮುಚ್ಚಿಡಲ್ಲ.

ಮತ್ತೆ ತೊಂದರೆ ಎಲ್ಲಿ?

ಮೊದಲು ಆ ಹಾಳೆಯ ಕಥೆ ಮುಗಿಸುತ್ತೇನೆ. ಹಾಳೆ ಸಿಕ್ಕಿದ ಜಾಲತಾಣಕ್ಕೆ ನಾನು ಬರೆದೆ. ಹೆಸರು ಹೇಳಲ್ಲ, ಅದು ಮುಖ್ಯವೂ ಅಲ್ಲ. ಎರಡು ದಿನದಲ್ಲಿ ಒಂದು ದೂರಿನ ಸಂಖ್ಯೆ ಬಂತು. 'ಸಂಬಂಧಪಟ್ಟವರಿಗೆ ಕಳಿಸಲಾಗಿದೆ' ಅಂತ ಒಂದು ಸಾಲು. ದಸರಾ ರಜೆ ಮುಗಿಯಿತು, ದೀಪಾವಳಿ ಮುಗಿಯಿತು, ಏನೂ ಆಗಲಿಲ್ಲ. ಅಷ್ಟರಲ್ಲಿ ಅದೇ ಹಾಳೆ ಇನ್ನೆರಡು ಕಡೆ ಕಣ್ಣಿಗೆ ಬಿತ್ತು. ಅದೇ ವಜ್ರಾಕೃತಿ, ಅದೇ ವಿಕರ್ಣ. ಮುಕ್ತ ಪರವಾನಗಿ ಇದ್ದದ್ದರಿಂದ ಹಂಚಿಕೊಂಡಿದ್ದರು. ಅದು ಸರಿಯೇ. ಆದರೆ ತಪ್ಪೂ ಜೊತೆಗೇ ಹಂಚಿಹೋಯಿತು. ಒಂದು ಕಡೆ ತಿದ್ದಿದರೆ ಉಳಿದ ಕಡೆ ತಿದ್ದುವವರು ಯಾರು?

ನಾನೇ ತಿದ್ದೋಣ ಅಂತ ಪಿಡಿಎಫ್ ತೆರೆದೆ. ಅಕ್ಷರಗಳನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಕನ್ನಡವೇ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಚುಕ್ಕಿ, ಗೆರೆ. ಹಳೆಯ ನುಡಿ ಫಾಂಟಿನಲ್ಲಿ ಹಾಕಿದ್ದು, ಎಲ್ಲ ಕಂಪ್ಯೂಟರಿಗೂ ಒಂದೇ ರೀತಿ ಅರ್ಥವಾಗುವ ಯುನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ. ಹುಡುಕಿದರೆ ಸಿಗಲ್ಲ, ತಿದ್ದಲು ಆಗಲ್ಲ. ಕಣ್ಣಿಲ್ಲದ ಮಗುವಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಅರ್ಥವಾಗಲ್ಲ. ಪರವಾನಗಿಯಲ್ಲಿ ತಿದ್ದುವ ಹಕ್ಕು ಇದೆ, ಕಡತದಲ್ಲಿ ತಿದ್ದುವ ದಾರಿ ಇಲ್ಲ. ಎರಡು ಸಂಜೆ ಕೂತು ಮೊದಲಿಂದ ಟೈಪ್ ಮಾಡಿದೆ.

ದಸರಾ ರಜೆಯಲ್ಲಿ ಸಂಖ್ಯಾಶಾಸ್ತ್ರದ ಒಂದು ಘಟಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದೆ. 14 ಪುಟ. ಜನವರಿಯಲ್ಲಿ ತರಬೇತಿಗೆ ಹೋದಾಗ ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಅದನ್ನೇ ಎರಡು ವರ್ಷ ಹಿಂದೆ ಮಾಡಿಟ್ಟಿದ್ದರು. ಅವರ ಅನುವಾದ ನನ್ನದಕ್ಕಿಂತ ಚೆನ್ನಾಗಿತ್ತು. "ಮೇಡಂ, ಒಂದು ಮಾತು ಗೊತ್ತಾಗಿದ್ದರೆ ನೀವು ಬೇರೆ ಘಟಕ ಮಾಡಬಹುದಿತ್ತಲ್ಲ" ಅಂದರು. ಇಬ್ಬರಿಗೂ ಬೇಜಾರಾಯಿತು. ನಮ್ಮ ಮಕ್ಕಳಿಗೆ ಎರಡು ಘಟಕ ಸಿಗಬೇಕಾದ ಕಡೆ ಒಂದೇ ಘಟಕ ಎರಡು ಸಲ ಸಿಕ್ಕಿತು.

ಪರವಾನಗಿಗಳ ಗೋಜಲು ಇನ್ನೊಂದು. ಒಂದು ಕಡೆಯ ಚಿತ್ರ, ಇನ್ನೊಂದು ಕಡೆಯ ಪ್ರಶ್ನೆ ಸೇರಿಸಿ ಒಂದು ಹಾಳೆ ಮಾಡಿ ಹಂಚಬೇಕು ಅಂದುಕೊಂಡೆ. ಒಂದರಲ್ಲಿ 'ವ್ಯಾಪಾರಕ್ಕೆ ಬಳಸಬಾರದು, ಇದೇ ಷರತ್ತಿನಲ್ಲಿ ಹಂಚಿ' ಅಂತ ಇದೆ. ಇನ್ನೊಂದರಲ್ಲಿ ವ್ಯಾಪಾರದ ತಡೆ ಇಲ್ಲ, ಆದರೆ 'ಇದೇ ಷರತ್ತಿನಲ್ಲಿ ಹಂಚಿ' ಅಂತ ಇದೆ. ಎರಡನ್ನೂ ಬೆರೆಸಿ ಹಂಚಿದರೆ ಯಾವುದೋ ಒಂದರ ಷರತ್ತು ಮುರಿಯುತ್ತೆ. ಎರಡೂ ಮಕ್ಕಳಿಗೋಸ್ಕರ ಮಾಡಿದ್ದೇ. ಆದರೂ ಒಂದೇ ಹಾಳೆಯಲ್ಲಿ ಕೂರಲ್ಲ.

ಇವೆಲ್ಲ ಯಾವುದೋ ಒಂದು ಸಂಸ್ಥೆಯ ದೋಷ ಅಂತ ನನಗೆ ಅನ್ನಿಸಲ್ಲ. ದೇಶದ ಮಟ್ಟದಲ್ಲಿ ಸಾಮಾನು ಕಡಿಮೆ ಇಲ್ಲ. ಎನ್‌ಸಿಇಆರ್‌ಟಿಯ ಮುಕ್ತ ಸಂಪನ್ಮೂಲಗಳ ಭಂಡಾರ 2013ರ ಆಗಸ್ಟ್‌ನಲ್ಲೇ ಶುರುವಾಯಿತು. ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂ 2017ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಕೊಡಲು 2014ರಲ್ಲಿ ಮುಂದೆ ಬಂತು. ಎಷ್ಟು ದೊಡ್ಡ ಮನಸ್ಸು! ಪ್ರತಿಯೊಬ್ಬರೂ ತಮ್ಮ ಹೊಲ ಚೆನ್ನಾಗಿ ಉಳುತ್ತಿದ್ದಾರೆ. ಕಾಲುವೆ ಮಾತ್ರ ಯಾರ ಹೊಲದ್ದೂ ಅಲ್ಲ.

ನನಗೆ ಬೇಕಾಗಿರುವುದು ಒಂದು ರಾಷ್ಟ್ರೀಯ ಒಕ್ಕೂಟ. ಇನ್ನೊಂದು ಪೋರ್ಟಲ್ ಅಲ್ಲ. ಪೋರ್ಟಲ್ ಸಾಕಷ್ಟಿವೆ.

ಒಕ್ಕೂಟ ಅಂದಾಗ ನನ್ನ ಕಣ್ಣ ಮುಂದೆ ಬರುವುದು ನಮ್ಮೂರ ಹಾಲಿನ ಡೈರಿ. ನಮ್ಮತ್ತೆ ದಿನಾ ಬೆಳಿಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ಹೋಗುತ್ತಾರೆ. ಕಾರ್ಯದರ್ಶಿ ಡಿಗ್ರಿ ನೋಡ್ತಾರೆ, ಫ್ಯಾಟ್ ನೋಡ್ತಾರೆ, ಪುಸ್ತಕದಲ್ಲಿ ಬರೀತಾರೆ. ಸಂಘ ನಮ್ಮೂರಿನದು. ಅದರ ಮೇಲೆ ಶಿವಮೊಗ್ಗದ ಹಾಲು ಒಕ್ಕೂಟ. ಅದರ ಮೇಲೆ ಬೆಂಗಳೂರಿನ ಮಹಾಮಂಡಳಿ. ನಮ್ಮೂರ ಸಂಘ ತನ್ನ ಅಧ್ಯಕ್ಷರನ್ನು ತಾನೇ ಆರಿಸುತ್ತೆ. ಆದರೆ ಫ್ಯಾಟ್ ಅಳೆಯುವ ಕ್ರಮ ಎಲ್ಲ ಊರಲ್ಲೂ ಒಂದೇ. ನಮ್ಮತ್ತೆಯ ಎಮ್ಮೆಯನ್ನು ಮಹಾಮಂಡಳಿಯವರು ಕಿತ್ತುಕೊಂಡು ಹೋಗಿಲ್ಲ. ಅಳತೆ, ಹೆಸರು, ಸಾಗಣೆ ಇಷ್ಟನ್ನು ಒಟ್ಟಾಗಿ ನೋಡಿಕೊಳ್ಳುತ್ತಾರೆ. ಮುಕ್ತ ಪಾಠಗಳಿಗೂ ಇದೇ ಬೇಕು. ಬರೆಯುವವರು ಬರೆಯಲಿ, ಅವರವರ ಹೆಸರಲ್ಲೇ ಇರಲಿ. ಅಳತೆ ಮಾತ್ರ ಒಂದಾಗಲಿ.

ಮೊದಲ ಕೆಲಸ ಪದಕೋಶ. ಒಂದೊಂದು ವಿಷಯಕ್ಕೆ, ಎಲ್ಲ ಭಾಷೆಯ ಪದಗಳೂ ಒಂದೇ ಸಾಲಿನಲ್ಲಿ ಇರುವಂಥದ್ದು. ಹಿಂದಿಯ ವಿಕರ್ಣ ಕನ್ನಡದ ಕರ್ಣ ಅಂತ ಅನುವಾದ ಶುರುಮಾಡುವ ಮೊದಲೇ ಕಾಣಬೇಕು. ಕನ್ನಡದ ಪದವನ್ನು ಬದಲಿಸಿ ಅಂತ ನಾನು ಹೇಳುತ್ತಿಲ್ಲ. ಯಾವ ರಾಜ್ಯದವರೂ ತಮ್ಮ ಮಕ್ಕಳ ಪುಸ್ತಕದ ಪದ ಬಿಡಬೇಕಾಗಿಲ್ಲ. ಪಕ್ಕದ ಮನೆಯವರು ಅದನ್ನು ಏನಂತಾರೆ ಅಂತ ಗೊತ್ತಿದ್ದರೆ ಸಾಕು. ಇದನ್ನು ಮಾಡಲು ದೊಡ್ಡ ಕಟ್ಟಡ ಬೇಡ. ಭಾಷೆಗೆ ಇಬ್ಬರು ಒಳ್ಳೆಯ ಮೇಷ್ಟ್ರು, ಒಬ್ಬ ಸಂಯೋಜಕ ಸಾಕು.

ಆಮೇಲೆ, ಪ್ರತಿ ಸಾಮಗ್ರಿಗೂ ಒಂದು ಸ್ಥಿರವಾದ ಗುರುತಿನ ಸಂಖ್ಯೆ ಮತ್ತು 'ಇದನ್ನು ತಿದ್ದುವವರು ಇವರು' ಅನ್ನುವ ಒಂದು ಸಾಲು. ಮೂರು ಕಡೆ ಇರುವ ಹಾಳೆ ಒಂದೇ ಹಾಳೆ ಅಂತ ಗೊತ್ತಾಗಬೇಕು, ತಿದ್ದಿದ್ದು ಮೂರೂ ಕಡೆ ಹೋಗಬೇಕು. ಯಾರು ಯಾವ ಘಟಕ ಅನುವಾದ ಮಾಡುತ್ತಿದ್ದಾರೆ ಅನ್ನುವ ಪಟ್ಟಿಯೂ ಅಲ್ಲೇ ಇರಲಿ. ನನ್ನ ದಸರಾ ರಜೆ ಉಳಿಯುತ್ತಿತ್ತು. ಯುನಿಕೋಡ್ ಅಲ್ಲದ್ದನ್ನು ಮುಕ್ತ ಅಂತ ಕರೆಯಬಾರದು ಅನ್ನುವ ನಿಯಮವನ್ನೂ ನಾನು ಸೇರಿಸುತ್ತೇನೆ. ಈ ವಿಷಯದಲ್ಲಿ ರಾಜಿ ಬೇಡ.

ಸರ್ಕಾರದ ಜೊತೆ ಮಾತಾಡುವುದು ಕೂಡ ಒಬ್ಬೊಬ್ಬರಿಂದ ಆಗುವ ಕೆಲಸ ಅಲ್ಲ. ಯುನೆಸ್ಕೋದ ಸದಸ್ಯ ದೇಶಗಳು 2019ರ ನವೆಂಬರ್‌ನಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಬಗ್ಗೆ ಒಂದು ಶಿಫಾರಸನ್ನು ಒಪ್ಪಿಕೊಂಡವು. ಜನರ ತೆರಿಗೆ ಹಣದಲ್ಲಿ ಆದ ಪಠ್ಯಪುಸ್ತಕ ಜನರಿಗೆ ತಿದ್ದಲು, ಹಂಚಲು ಸಿಗಬೇಕು ಅಂತ ಚಳ್ಳಕೆರೆಯಿಂದ ನಾನೊಬ್ಬಳು ಪತ್ರ ಬರೆದರೆ ಅದು ಪತ್ರವಾಗಿಯೇ ಉಳಿಯುತ್ತೆ. ಇಪ್ಪತ್ತು ರಾಜ್ಯದ ಶಿಕ್ಷಕರು ಒಂದೇ ಅರ್ಜಿಗೆ ಸಹಿ ಹಾಕಿದರೆ ಟೇಬಲ್ ಮೇಲೆ ಬರುತ್ತೆ.

ಬೇರೆ ಕಡೆ ಇಂಥದ್ದು ಆಗಿದೆ. ಜಪಾನಿನಲ್ಲಿ 2005ರಲ್ಲಿ ಟೋಕಿಯೊ, ಕ್ಯೋಟೊ, ಒಸಾಕಾ, ಕೇಯೊ, ವಾಸೆಡಾ, ಟೋಕಿಯೊ ಟೆಕ್ ಅಂತ ಆರು ವಿಶ್ವವಿದ್ಯಾಲಯಗಳು ತಮ್ಮ ಪಾಠಗಳನ್ನು ಮುಕ್ತವಾಗಿ ಕೊಡಲು ಕೈಜೋಡಿಸಿದವು. ಮರುವರ್ಷ ಅದು ರಾಷ್ಟ್ರೀಯ ಒಕ್ಕೂಟವೇ ಆಯಿತು. ಶುರುವಾಗಿದ್ದು ಆರರಿಂದ ಅಷ್ಟೇ. ಆದರೆ ಅದು ವಿಶ್ವವಿದ್ಯಾಲಯಗಳ ಕೂಟ. ನಮಗೆ ಅಷ್ಟು ಸಾಲದು. ನಮ್ಮಲ್ಲಿ ಮುಕ್ತ ಪಾಠದ ಅಗತ್ಯ ಜಾಸ್ತಿ ಇರುವುದು ಹಳ್ಳಿಯ ಶಾಲೆಯಲ್ಲಿ. ಹಾಗಾಗಿ ಕಾರ್ಯಕಾರಿ ಸಮಿತಿಯಲ್ಲಿ ಅರ್ಧ ಜಾಗ ಚಾಕ್‌ಪೀಸ್ ಹಿಡಿಯುವವರಿಗೆ ಇರಬೇಕು. ಸಭೆ ಪ್ರತಿ ಸಲ ದೆಹಲಿಯಲ್ಲಿ ಬೇಡ. ಒಂದು ವರ್ಷ ಧಾರವಾಡ, ಒಂದು ವರ್ಷ ಗುವಾಹಟಿ, ಹೀಗೆ ಸುತ್ತಲಿ. ಮಾತು ಇಂಗ್ಲಿಷಿನಲ್ಲೇ ನಡೆದರೆ ನಮ್ಮ ಮೇಷ್ಟ್ರುಗಳು ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು ಊಟ ಮಾಡಿ ಬರುತ್ತಾರೆ. ಪಕ್ಕದಲ್ಲಿ ಒಬ್ಬರು ಕನ್ನಡದಲ್ಲಿ ಹೇಳುವವರು ಇರಲೇಬೇಕು.

ದುಡ್ಡಿನ ವಿಷಯ. ಒಬ್ಬರೇ ದಾನಿಯನ್ನು ನಂಬಿದರೆ ಅವರ ಯೋಜನೆ ಮುಗಿದ ದಿನ ಕೆಲಸವೂ ನಿಲ್ಲುತ್ತೆ. ಸಂಸ್ಥೆಗಳು ತಮ್ಮ ಗಾತ್ರಕ್ಕೆ ತಕ್ಕ ಶುಲ್ಕ ಕೊಡಲಿ. ಶಿಕ್ಷಕರಿಂದ ವರ್ಷಕ್ಕೆ 100 ರೂಪಾಯಿ ಇರಲಿ. ಕೊಟ್ಟವರಿಗೆ ಕೇಳುವ ಹಕ್ಕು ಬರುತ್ತೆ. 1860ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಕಟ್ಟಲು ಕನಿಷ್ಠ ಏಳು ಜನ ಸಾಕು. ಏಳು ಜನ ಸಿಗದೇ ಇರ್ತಾರಾ?

ನನ್ನ ತೀರ್ಪು ಕೇಳಿದರೆ, ಸಾಮಗ್ರಿಗೆ ಐದಕ್ಕೆ ನಾಲ್ಕು ಅಂಕ. ಫೆಟ್ ಮತ್ತು ಸ್ಟೋರಿವೀವರ್‌ಗೆ ಐದಕ್ಕೆ ಐದೂ ಕೊಡುತ್ತೇನೆ. ಒಂದರ ಜೊತೆ ಒಂದು ಹೊಂದಿಕೊಳ್ಳುವ ವಿಷಯಕ್ಕೆ ಐದಕ್ಕೆ ಒಂದು. ಹೊಸದಾಗಿ ಶುರುಮಾಡುವ ಟೀಚರಿಗೆ ನನ್ನ ಸಲಹೆ ಇಷ್ಟೇ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ಪಾಠಕ್ಕೆ ಒಂದು ಪ್ರಯೋಗ, ಒಂದು ಹಾಳೆ. ಇಂಟರ್ನೆಟ್ ಇರುವ ದಿನ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹಾಳೆಯನ್ನು ಮಕ್ಕಳಿಗೆ ಕೊಡುವ ಮೊದಲು ಪಠ್ಯಪುಸ್ತಕ ಪಕ್ಕದಲ್ಲಿಟ್ಟು ಒಂದೊಂದು ಪದವನ್ನೂ ಓದಿ. ನಾನು ಆ ಆಗಸ್ಟ್‌ನಲ್ಲಿ ಇದನ್ನು ಮಾಡಿರಲಿಲ್ಲ.

ತರಬೇತಿಯಲ್ಲಿ ಸಿಕ್ಕ ಮೇಷ್ಟ್ರು, ರಾಯದುರ್ಗದ ಕಡೆಯ ಒಬ್ಬ ತೆಲುಗು ಟೀಚರ್ ಮತ್ತು ನಾನು ಸೇರಿ ಒಂದು ಪಟ್ಟಿ ಶುರುಮಾಡಿದ್ದೇವೆ. ಕನ್ನಡ, ತೆಲುಗು, ಹಿಂದಿ ಮೂರು ಕಂಬ. ರೇಖಾಗಣಿತದ 64 ಪದ ಆಗಿವೆ. ಎಲ್ಲ ಯುನಿಕೋಡ್‌ನಲ್ಲಿ, ಹೆಸರು ಹಾಕಿದರೆ ಯಾರು ಬೇಕಾದರೂ ಬಳಸಬಹುದು. ಮರಾಠಿ ಬಲ್ಲ ಬೆಳಗಾವಿ ಕಡೆಯವರು, ಮಲಯಾಳ ಬಲ್ಲ ಕಾಸರಗೋಡಿನವರು ಇದ್ದರೆ ನಾಲ್ಕನೇ, ಐದನೇ ಕಂಬ ಖಾಲಿ ಇದೆ. ಮೊದಲ ಸಾಲಿನಲ್ಲಿರುವುದು ಕರ್ಣ, ಎರಡನೇ ಸಾಲಿನಲ್ಲಿ ವಿಕರ್ಣ. 4 ರೂಟ್ 7 ಬರೆದ ಹುಡುಗಿ ಈಗ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಆ ಎರಡು ಸಾಲಿನ ಪಕ್ಕದ ಚಿತ್ರ ಬರೆದುಕೊಟ್ಟವಳು ಅವಳೇ.